ಸೊನ್ನೆಯಿಂದ ನಾಲ್ಕರವರೆಗೆ

ಮೆರ್ವಿ ತೊಸ್ಸವೈನೆನ್ ಇಪ್ಪತ್ತಾರು ವರ್ಷ ಚಾಕೊಲೇಟು ತಿಂದು ಸಂಬಳ ತೆಗೆದುಕೊಂಡವಳು. ಹಾಗಂತ ಯಾರಾದರೂ ಅವಳೆದುರು ಹೇಳಿದರೆ, "ತಿನ್ನೋದಲ್ಲ, ಪರೀಕ್ಷೆ ಮಾಡೋದು," ಎಂದು ತಿದ್ದುತ್ತಿದ್ದಳು. ತಿನ್ನುವುದು ಮನೆಯಲ್ಲಿ ಮಾಡುವ ಕೆಲಸ, ಮನೆಯಲ್ಲಿ ಅವಳು ಚಾಕೊಲೇಟಿನ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ.

ಫಿನ್ಲೆಂಡಿನ ಹಾಪಕೋಸ್ಕಿ ಎಂಬ ಊರಿನ ರಟ್ಟಿನ ಕಾರ್ಖಾನೆಯಲ್ಲಿ ಬಿಸ್ಕತ್ತು, ಬೆಣ್ಣೆ, ಎಳೆಮಕ್ಕಳ ಹಾಲಿನಪುಡಿ ತುಂಬುವ ಪೆಟ್ಟಿಗೆಗಳಿಗೆ ಬೇಕಾದ ರಟ್ಟು ತಯಾರಾಗುತ್ತಿತ್ತು. ರಟ್ಟಿಗೆ ತನ್ನದೇ ಒಂದು ವಾಸನೆ ಉಳಿದುಬಿಟ್ಟರೆ ಅದು ಒಳಗಿನ ತಿನಿಸಿಗೆ ಹತ್ತಿಕೊಳ್ಳುತ್ತದೆ. ಅದನ್ನು ಪತ್ತೆಹಚ್ಚಲು ಯಂತ್ರಗಳಿವೆ, ಆದರೆ ನಾಲಿಗೆಯನ್ನು ಮೀರಿಸುವ ಯಂತ್ರ ಇನ್ನೂ ಬಂದಿಲ್ಲ. ಹಾಗಾಗಿ ಪ್ರತಿ ರಟ್ಟಿನ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ತುರಿದ ಚಾಕೊಲೇಟಿನ ಜೊತೆ ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಎರಡು ದಿನ ಕತ್ತಲಲ್ಲಿ ಇಡುತ್ತಿದ್ದರು. ಮೂರನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ಐದು ಜನ ಐದು ಗೂಡುಗಳಲ್ಲಿ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಗೋಡೆ ನೋಡುತ್ತ, ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಒಂದು ಅಂಕಿ ಬರೆಯಬೇಕು. ರಟ್ಟಿನ ಸುಳಿವೇ ಇಲ್ಲದಿದ್ದರೆ ಸೊನ್ನೆ. ಇದೆಯೋ ಇಲ್ಲವೋ ಎನ್ನುವಂತಿದ್ದರೆ ಅರ್ಧ. ಉಗುಳುವ ಹಾಗಿದ್ದರೆ ನಾಲ್ಕು. ಸೊನ್ನೆ ಬಂದ ದಿನ ಎಲ್ಲರ ಮುಖದಲ್ಲೂ ಹಬ್ಬ. ನಾಲ್ಕನ್ನು ಮೆರ್ವಿ ಅಷ್ಟು ವರ್ಷಗಳಲ್ಲಿ ಬರೆದದ್ದು ಎರಡೇ ಸಲ: ಒಮ್ಮೆ ಸುರುಳಿಯ ಮೇಲೆ ಡೀಸೆಲ್ ಚೆಲ್ಲಿದ್ದಾಗ, ಇನ್ನೊಮ್ಮೆ ಜಾಡಿಗಳ ಕಪಾಟಿನ ಹಿಂದೆ ಇಲಿ ಸತ್ತಿದ್ದಾಗ.

ಈ ಕೆಲಸಕ್ಕೆ ವ್ರತಗಳೂ ಇದ್ದವು. ಅತ್ತರು ಕೂಡದು. ಹಿಂದಿನ ರಾತ್ರಿ ಬೆಳ್ಳುಳ್ಳಿ ಕೂಡದು. ಬೆಳಗ್ಗೆ ಎದ್ದಾಗಿನಿಂದ ಹತ್ತು ಗಂಟೆಯವರೆಗೆ ಕಾಫಿ ಕೂಡದು. ಈ ಕೊನೆಯ ನಿಯಮದಿಂದಾಗಿ, ಕಾಫಿಯಿಲ್ಲದೆ ಬೆಳಗಾಗದ ಊರಿನವರು ಆ ಐದು ಜನರನ್ನು ಮಠದಿಂದ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಸೊನ್ನೆಯಿಂದ ನಾಲ್ಕರ ಈ ಅಳತೆ ಕಾರ್ಖಾನೆಯ ಗೇಟಿನಲ್ಲೇ ಉಳಿಯದೆ ಮನೆಗೂ ಬಂದಿತ್ತು. ಗಂಡ ಯೋರ್ಮಾ ಊರಿನ ಶಾಲಾಮಕ್ಕಳನ್ನು ಕರೆದೊಯ್ಯುವ ಟ್ಯಾಕ್ಸಿ ಓಡಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಸರೋವರದ ದಡದಲ್ಲಿ, ಬಹಳ ಹೊತ್ತು ಮೀನಿನ ಗಾಳ ನೋಡುತ್ತ ಕೂತಿದ್ದು, ಕೊನೆಗೆ ಧೈರ್ಯ ಮಾಡಿ, "ನನ್ನ ಬಗ್ಗೆ ನಿನಗೇನನ್ಸುತ್ತೆ?" ಎಂದು ಕೇಳಿದ್ದ. ಮೆರ್ವಿ ಯೋಚಿಸಿ "ಅರ್ಧ" ಎಂದಿದ್ದಳು. ಅವಳ ಕೆಲಸ ಗೊತ್ತಿದ್ದ ಯೋರ್ಮಾನಿಗೆ ಎದೆ ತುಂಬಿ ಬಂತು. ಸ್ವಲ್ಪ ಹೊತ್ತಿನ ಮೇಲೆ, "ಅರ್ಧ ಯಾಕೆ?" ಎಂದ. "ಸಾಕ್ಸು," ಎಂದಳು. ಅಂದಿನಿಂದ ಅವನು ಸಾಕ್ಸನ್ನು ದಿನಕ್ಕೆ ಎರಡು ಸಲ ಬದಲಿಸುತ್ತಾನೆ.

ಫೆಬ್ರುವರಿಯಲ್ಲಿ ದೊಡ್ಡ ಕಚೇರಿಯಿಂದ ಒಬ್ಬರು ಬಂದು, ಕ್ಯಾಂಟೀನಿನ ಗೋಡೆಯ ಮೇಲೆ ಗೆರೆಗಳು ಕೆಳಗಿಳಿಯುವ ಚಿತ್ರ ತೋರಿಸಿ, ಫಿನ್ಲೆಂಡಿನಲ್ಲಿ ರಟ್ಟು ಮಾಡುವುದು ಇನ್ನು ಗಿಟ್ಟುವುದಿಲ್ಲ, ಮೇ ತಿಂಗಳಿಗೆ ಕಾರ್ಖಾನೆ ನಿಲ್ಲುತ್ತದೆ ಎಂದರು. ಪ್ರಶ್ನೆ ಇದೆಯೇ ಎಂದು ಅವರು ಕೇಳಿದಾಗ ಹಿಂದಿನ ಸಾಲಿನಿಂದ ಒಬ್ಬ, ಕ್ಯಾಂಟೀನು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದ. ಮೇ ಕೊನೆಗೆ ಕಾರ್ಖಾನೆಯ ಚಿತ್ರವಿದ್ದ ಸಕ್ಕರೆ ಹಾಳೆ ಅಂಟಿಸಿದ ಕೇಕು ಕತ್ತರಿಸಿದರು. ಮೆರ್ವಿಯ ಪಾಲಿಗೆ ಮೂರನೇ ಮೆಷಿನ್ನಿನ ಹೊಗೆಕೊಳವೆ ಬಂತು. "ಒಂದೂವರೆ," ಎಂದಳು ಪಕ್ಕದವಳಿಗೆ. "ಸಕ್ಕರೆ ಹಾಳೆಯನ್ನ ಸೋಪಿನ ಕಪಾಟಲ್ಲಿ ಇಟ್ಟಿದ್ರು."

ಮರುದಿನ ಬೆಳಗ್ಗೆ ಆರಕ್ಕೆ ಎದ್ದು ಕಾಫಿ ಕುಡಿದಳು. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಬಾರಿಗೆ ವಾರದ ದಿನ, ಆರು ಗಂಟೆಗೆ. ಏಳಕ್ಕೆ ಇನ್ನೊಂದು. ಎಂಟಕ್ಕೆ ಮತ್ತೊಂದು. ಒಂಬತ್ತೂವರೆಗೆ ಬಾಯಿ ಏನನ್ನೋ ಕಾಯುತ್ತಿತ್ತು.

ನಾಲಿಗೆ ಒಳ್ಳೆಯದಿದ್ದರೆ ನಾಡೆಲ್ಲ ಒಳ್ಳೆಯದು ಎನ್ನುತ್ತಾರೆ. ಆದರೆ ಒಳ್ಳೆಯ ನಾಲಿಗೆಗೆ ಕೆಲಸ ಎಲ್ಲಿದೆ ಎಂದು ಗಾದೆ ಹೇಳುವುದಿಲ್ಲ. ಟಾಂಪೆರೆಯ ಹಾಲಿನ ಕಂಪನಿಯೊಂದು ಅವಳನ್ನು ತೆಗೆದುಕೊಳ್ಳಲು ಸಿದ್ಧವಿತ್ತು. ನೂರನಲವತ್ತು ಕಿಲೋಮೀಟರು. ವಾರವಿಡೀ ಅಲ್ಲೊಂದು ಬಾಡಿಗೆ ಕೋಣೆಯಲ್ಲಿರಬೇಕು. ಜೂನ್ ಮುಗಿಯುವುದರೊಳಗೆ ಉತ್ತರ ಕೊಡಬೇಕು.

"ಶುಕ್ರವಾರ ಬರ್ತೀಯ, ಭಾನುವಾರ ಹೋಗ್ತೀಯ," ಎಂದ ಯೋರ್ಮಾ. "ಮೀನು ಹಿಡಿಯೋಕೆ ಬರೋ ನೆಂಟರ ಥರ."

"ನೆಂಟರು ಮೀನಾದ್ರೂ ತಗೊಂಡು ಹೋಗ್ತಾರೆ."

"ಇಲ್ಲಿ ಏನೂ ಇಲ್ವಾ?"

"ನೀರು ಸರಬರಾಜಿನವರದ್ದು ಒಂದಿದೆ," ಎಂದಳು ಮೆರ್ವಿ, ಕಿಟಕಿಯ ಕಡೆ ನೋಡುತ್ತ. "ಬಾವಿ, ಶಾಲೆ, ಆಸ್ಪತ್ರೆ, ಎಲ್ಲ ಕಡೆ ಹೋಗಿ ನೀರಿನ ಮಾದರಿ ತರೋದು. ರುಚಿ ನೋಡೋದು. ಒಂದೇ ಹುದ್ದೆ."

ಯೋರ್ಮಾ ತಲೆಯಾಡಿಸಿದ. ಹೆಂಡತಿ ಒಂದು ವಿಷಯದ ಬಗ್ಗೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಾಳೆಂದರೆ ಅದು ಅವಳಿಗೆ ಬೇಕೇಬೇಕು ಎಂದು ಅವನಿಗೆ ಅರ್ಥವಾಯಿತು.

ಅರ್ಜಿ ಉದ್ಯೋಗ ಕಚೇರಿಯ ಮೂಲಕ ಹೋಗಬೇಕಿತ್ತು. ಅದರ ಜೊತೆಗೆ ಕಂಪ್ಯೂಟರಿನಲ್ಲಿ ಒಂದು ಫಾರಮ್ಮು: ನಿಮ್ಮನ್ನು ನೀವೇ ಅಳೆದುಕೊಳ್ಳಿ. ಹದಿನಾಲ್ಕು ಗುಣಗಳು, ಪ್ರತಿಯೊಂದರ ಮುಂದೆ ಸೊನ್ನೆಯಿಂದ ನಾಲ್ಕರವರೆಗೆ ಅಂಕಿ, ಅರ್ಧಕ್ಕೂ ಅವಕಾಶವಿತ್ತು. ಪಕ್ಕದಲ್ಲಿ ಪುಟ್ಟ ಪ್ರಶ್ನೆಯ ಗುರುತು, ಒತ್ತಿದರೆ ವಿವರಣೆ ಬರುತ್ತದೆ. ಮೆರ್ವಿ ಒತ್ತಲಿಲ್ಲ. ಬೇರೆ ಯಾವ ಅಳತೆಯಾಗಿದ್ದರೂ ಅವಳು ವಿವರಣೆಯನ್ನು ಎರಡು ಸಲ ಓದುವವಳೇ. ಆದರೆ ಸೊನ್ನೆಯಿಂದ ನಾಲ್ಕನ್ನು ಅವಳಿಗೆ ವಿವರಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ.

ಸೌನಾದಲ್ಲಿ ಹಬೆಯ ಸ್ನಾನ ಮುಗಿಸಿ, ತಲೆಗೆ ಟವೆಲು ಸುತ್ತಿಕೊಂಡು, ಇಬ್ಬರೂ ಹೊರಗಿನ ಜಗುಲಿಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತರು.

"ಸಮಯಪಾಲನೆ," ಎಂದು ಓದಿದಳು ಮೆರ್ವಿ.

"ಸೊನ್ನೆ ಹಾಕು. ನೀನು ಯಾವತ್ತು ತಡ ಮಾಡಿದ್ದೀಯ?"

"ತೊಂಬತ್ತೊಂಬತ್ತರಲ್ಲಿ ಒಂದ್ಸಲ."

"ಹಿಮದಲ್ಲಿ ಬಸ್ಸು ಹಳ್ಳಕ್ಕೆ ಬಿದ್ದಿತ್ತು ಕಣೇ."

"ಆದ್ರೂ." ಸ್ವಲ್ಪ ಯೋಚಿಸಿ ಸೊನ್ನೆಯನ್ನೇ ಹಾಕಿದಳು. "ನಂಬಿಕಸ್ಥತನ. ಸೊನ್ನೆ. ಸೂಕ್ಷ್ಮ ಗಮನ. ಸೊನ್ನೆ. ಜೊತೆಯವರ ಸಂಗಡ ಕೆಲಸ. ಇದಕ್ಕೆ ಅರ್ಧ."

"ಅರ್ಧ ಯಾಕೆ?"

"ಪಕ್ಕದ ಗೂಡಿನ ಪೈವಿ ಹೊಸ ಶಾಂಪೂ ಹಾಕ್ಕೊಂಡು ಬಂದಿದ್ಲಲ್ಲ, ಅವತ್ತು ನಾನು ಸ್ವಲ್ಪ ಜೋರಾಗಿ ಉಸಿರು ಬಿಟ್ಟಿದ್ದೆ."

ಇಂಗ್ಲಿಷಿಗೆ ಎರಡೂವರೆ ಕೊಟ್ಟುಕೊಂಡಳು. ಕೊನೆಯ ಗುಣಕ್ಕೆ ಬಂದಾಗ ಇಬ್ಬರೂ ಪರದೆಯ ಹತ್ತಿರ ಬಗ್ಗಿದರು. ತನ್ನ ಸಾಮರ್ಥ್ಯವನ್ನು ಇತರರಿಗೆ ಮನವರಿಕೆ ಮಾಡಿಕೊಡುವುದು.

"ಅಂದ್ರೆ ಬಡಾಯಿ," ಎಂದ ಯೋರ್ಮಾ.

"ನಾಲ್ಕು," ಎಂದಳು ಮೆರ್ವಿ. ಡೀಸೆಲು, ಇಲಿ ಆದ ಮೇಲೆ ಅದು ಅವಳು ಬರೆದ ಮೂರನೆಯ ನಾಲ್ಕು. ಒಟ್ಟು ನೋಡಿದರೆ ಫಾರಮ್ಮು ಪ್ರಾಮಾಣಿಕವಾಗಿತ್ತು, ಆದರೆ ಇಷ್ಟೊಂದು ಸೊನ್ನೆ ಹಾಕಿಕೊಂಡದ್ದಕ್ಕೆ ಅವಳಿಗೆ ರಾತ್ರಿಯಿಡೀ ನಾಚಿಕೆಯಾಗುತ್ತಿತ್ತು.

ನಾಲ್ಕು ದಿನಗಳ ನಂತರ ಉದ್ಯೋಗ ಕಚೇರಿಯ ಓನಾ ಫೋನು ಮಾಡಿದಳು. ಇಪ್ಪತ್ತೇಳು ವರ್ಷದ ಹುಡುಗಿ, ಆ ಕುರ್ಚಿಗೆ ಬಂದು ಮೂರು ತಿಂಗಳಾಗಿತ್ತು. ಆಸ್ಪತ್ರೆಯಲ್ಲಿ ನರಳುತ್ತಿರುವವರ ಜೊತೆ ಮಾತಾಡುವ ಧ್ವನಿಯಲ್ಲಿ, "ಮೆರ್ವಿಯವರೇ, ನಿಮ್ಮ ಫಾರಮ್ ಓದಿದೆ. ಇಷ್ಟು ಧೈರ್ಯವಾಗಿ ಬರೆದಿದ್ದೀರಿ. ಥ್ಯಾಂಕ್ಸ್," ಎಂದಳು.

"ಅದರಲ್ಲೇನಿದೆ," ಎಂದಳು ಮೆರ್ವಿ, ಕೆನ್ನೆ ಬಿಸಿಯಾಗಿ.

"ಅರ್ಜಿನ ನೀರಿನವರಿಗೆ ಕಳ್ಸಿದ್ದೀನಿ, ನಿಯಮ ಇದೆಯಲ್ಲ. ಆದ್ರೆ ಅದಕ್ಕೆ ಮುಂಚೆ ಒಂದು ಕೋರ್ಸಿದೆ. ಎರಡು ವಾರ. ನಿಮಗೆ ಒಳ್ಳೇದಾಗುತ್ತೆ ಅನ್ಸುತ್ತೆ. ನಿಮಗೆ ಬರೋಕೆ ಆದ್ರೆ. ಬೆಳಗ್ಗೆ ಎಂಟಕ್ಕೆ ಆಗಲ್ಲ ಅಂದ್ರೆ ಹತ್ತು, ಹನ್ನೊಂದು..."

"ಎಂಟಕ್ಕೆ ಬರ್ತೀನಿ."

"ನೋಡಿ, ಇದೇ ಬೇಕಾಗಿರೋದು," ಎಂದಳು ಓನಾ, ತುಂಬು ಮೆಚ್ಚುಗೆಯಿಂದ.

ಕೋರ್ಸು ಚರ್ಚಿನ ಸಭಾಂಗಣದಲ್ಲಿತ್ತು. ಹೆಸರು 'ದಿನಕ್ಕೊಂದು ಹೆಜ್ಜೆ'. ಎಂಟಕ್ಕೆ ಐದು ನಿಮಿಷ ಇದ್ದಾಗ ಮೆರ್ವಿ ಬಾಗಿಲಲ್ಲಿ ನಿಂತಿದ್ದಳು. ಉಳಿದ ಆರು ಜನರಲ್ಲಿ ಐವರು ಹತ್ತರಿಂದ ಹನ್ನೊಂದರೊಳಗೆ ಒಬ್ಬೊಬ್ಬರಾಗಿ ಬಂದರು, ಒಬ್ಬ ಬರಲೇ ಇಲ್ಲ. ಮೊದಲ ದಿನ ಅಲಾರಮ್ಮು ಇಡುವುದು ಹೇಗೆಂದು ತೋರಿಸಿದರು. ಎರಡನೆಯ ದಿನ ಬಟ್ಟೆ ಒಗೆಯುವುದು, ಬಿಳಿಯದು ಬೇರೆ, ಬಣ್ಣದ್ದು ಬೇರೆ. ಮೂರನೆಯ ದಿನ ಏಲಕ್ಕಿ ಬನ್ನು ಸುಟ್ಟರು. ಮೆರ್ವಿ ಹೇಳಿದ್ದನ್ನೆಲ್ಲ ಮಾಡಿದಳು. ಅವಳು ಪ್ರತಿ ಸಲ ಕೈಯೆತ್ತಿದಾಗಲೂ ಓನಾಳ ಕಣ್ಣು ಹೊಳೆಯುತ್ತಿತ್ತು.

"ಇವತ್ತೇನು ಕಲಿಸಿದ್ರು?" ಎಂದು ಕೇಳಿದ ಯೋರ್ಮಾ ಸಂಜೆ.

"ಹಲ್ಲುಜ್ಜೋದು."

ಯೋರ್ಮಾ ಚಮಚ ಕೆಳಗಿಟ್ಟ. "ಹಲ್ಲುಜ್ಜೋದು?"

"ಬೆಳಗ್ಗೆ ಒಂದ್ಸಲ, ರಾತ್ರಿ ಒಂದ್ಸಲ."

"ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರಾ?"

"ಎಲ್ಲರಿಗೂ ಮೊದಲಿನಿಂದ ಹೇಳ್ಕೊಡ್ತಾರೇನೋ. ಅಷ್ಟು ಪ್ರೀತಿಯಿಂದ ಹೇಳ್ಕೊಡುತ್ತೆ ಆ ಹುಡುಗಿ, ಮಧ್ಯದಲ್ಲಿ ಬಾಯಿ ಹಾಕೋಕೆ ಮನಸ್ಸು ಬರಲ್ಲ."

ಯೋರ್ಮಾ ಬಹಳ ಹೊತ್ತು ಯೋಚಿಸಿದ. "ಟ್ಯಾಕ್ಸಿಗೆ ಕಣ್ಣು ಪರೀಕ್ಷೆ ಮಾಡ್ತಾರಲ್ಲ," ಎಂದ ಕೊನೆಗೆ. "ನೀರಿಗೆ ಹಲ್ಲು ನೋಡ್ತಾರೇನೋ."

ಎರಡನೆಯ ವಾರದಲ್ಲಿ ನೀರು ಸರಬರಾಜಿನ ಕಚೇರಿಯಿಂದ ಕಾಗದ ಬಂತು. ಬುಧವಾರ ಒಂಬತ್ತಕ್ಕೆ ಸಂದರ್ಶನ. ಮೆರ್ವಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರ ಬಗ್ಗೆ ಒಂದು ಮಾತೂ ಆಡದೆ, ಹೋಗುವಾಗ ಬರುವಾಗ ಓದಿಕೊಂಡಳು.

ಮಂಗಳವಾರ ಕೋರ್ಸಿನ ಕೊನೆಯ ದಿನ. ಓನಾ ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು: ತರಬೇತಿ ಹೇಗಿತ್ತು, ಸೊನ್ನೆಯಿಂದ ನಾಲ್ಕು. ಮೆರ್ವಿ ಹುಡುಗಿಯ ಎರಡು ವಾರದ ಶ್ರಮವನ್ನೆಲ್ಲ ನೆನೆದು, ಧಾರಾಳವಾಗಿ, ಅರ್ಧ ಎಂದು ಬರೆದಳು. ಮಡಚಿ ಕೊಟ್ಟಳು.

ಉಳಿದವರು ಹೋದ ಮೇಲೆ ಮೆರ್ವಿ ಕಪ್ಪುಗಳನ್ನು ತೊಳೆಯುತ್ತಿದ್ದಳು. ತಿರುಗಿ ನೋಡಿದರೆ ಓನಾ ಹಾಳೆ ಹಿಡಿದು ಕೂತಿದ್ದಾಳೆ, ಮೂಗು ಕೆಂಪಾಗಿದೆ.

"ಏನಾಯ್ತಮ್ಮ?"

"ಏನಿಲ್ಲ. ನಿಮ್ಮ ಅಭಿಪ್ರಾಯ ನಿಮ್ಮದು. ಆದ್ರೆ ನೀವಾದ್ರೂ ಇಷ್ಟಪಟ್ರಿ ಅಂದ್ಕೊಂಡಿದ್ದೆ. ದಿನಾ ಎಂಟಕ್ಕೆ ಬರ್ತಿದ್ರಿ."

"ಇಷ್ಟಪಟ್ಟೆ. ಅದಕ್ಕೇ ಅರ್ಧ ಕೊಟ್ಟಿದ್ದು."

"ಅರ್ಧ," ಎಂದಳು ಓನಾ. "ಪೆಕ್ಕಾ ಬಂದಿದ್ದೇ ಮೂರು ದಿನ, ಅವರೇ ಎರಡು ಕೊಟ್ಟಿದ್ದಾರೆ."

"ಎರಡಾ?" ಮೆರ್ವಿಗೆ ಪೆಕ್ಕಾನ ಮೇಲೆ ಸಿಟ್ಟು ಬಂತು. "ಅಷ್ಟು ಕೆಟ್ಟದಾಗೇನೂ ಇರಲಿಲ್ಲ. ಸೊನ್ನೆನೇ ಕೊಡ್ತಿದ್ದೆ ನೋಡು, ಆ ಕಾಫಿ ಒಂದು ಇಲ್ದೇ ಹೋಗಿದ್ರೆ."

ಓನಾ ತಲೆಯೆತ್ತಿದಳು. ಅವಳ ಮುಖದಲ್ಲಿ ಏನೋ ನಿಧಾನವಾಗಿ ತಿರುಗತೊಡಗಿತು. "ಕಾಫಿ ಚೆನ್ನಾಗಿದ್ದಿದ್ರೆ ಸೊನ್ನೆ ಕೊಡ್ತಿದ್ರಾ?"

"ಹೌದು."

"ಮೆರ್ವಿಯವರೇ," ಎಂದಳು ಓನಾ ಬಹಳ ಮೆಲ್ಲಗೆ, "ನೀವು ಮಾಡ್ತಿದ್ದ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?"

ಮೆರ್ವಿ ಹೇಳಿದಳು. ಜಾಡಿ, ತುರಿ, ಗೋಡೆ, ಸೊನ್ನೆ. ಓನಾ ಕೇಳಿಸಿಕೊಂಡು, ತನ್ನ ಕಂಪ್ಯೂಟರು ತೆರೆದು, ಹಳೆಯ ಫಾರಮ್ಮನ್ನು ಹುಡುಕಿ, ಆ ಪುಟ್ಟ ಪ್ರಶ್ನೆಯ ಗುರುತನ್ನು ಒತ್ತಿ, ಪರದೆಯನ್ನು ಅವಳ ಕಡೆ ತಿರುಗಿಸಿದಳು. 0: ಈ ಗುಣ ನನ್ನಲ್ಲಿ ಇಲ್ಲ. 4: ಅತ್ಯುತ್ತಮ.

ಮೆರ್ವಿ ತನ್ನ ಸಾಲುಗಳನ್ನು ಮತ್ತೆ ಓದಿದಳು. ಸಮಯಪಾಲನೆ ಇಲ್ಲ. ನಂಬಿಕಸ್ಥತನ ಇಲ್ಲ. ಗಮನ ಇಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಮಾತ್ರ ಅತ್ಯುತ್ತಮ.

"ಇದು ನೀರಿನವರಿಗೆ ಹೋಗಿದೆಯಾ?"

"ಹೋಗಿದೆ." ಓನಾ ತುಟಿ ಕಚ್ಚಿಕೊಂಡಳು. ನಗು ಬರುತ್ತಿತ್ತು, ಅಳುವೂ ಪೂರ್ತಿ ಹೋಗಿರಲಿಲ್ಲ. "ಆದ್ರೂ ಕರೆದಿದ್ದಾರಲ್ಲ. ನಾನೀಗ್ಲೇ ಫೋನ್ ಮಾಡಿ, ಎಲ್ಲಾ ತಲೆಕೆಳಗಾಗಿದೆ ಅಂತ ಹೇಳ್ಬಿಡ್ತೀನಿ."

"ಬೇಡ."

"ಯಾಕೆ?"

"ತಲೆಕೆಳಗಾಗಿದೆ ಅಂದ್ರೆ, ಎಲ್ಲದರಲ್ಲೂ ನಾಲ್ಕು ಅಂತಾಗುತ್ತೆ."

"ಹೌದು. ನೀವು ನಾಲ್ಕೇ ಅಲ್ವಾ?"

ಮೆರ್ವಿ ಒದ್ದೆ ಬಟ್ಟೆಯನ್ನು ಹಿಂಡಿ, ಮಡಚಿ, ಮತ್ತೆ ಬಿಡಿಸಿ ಹಿಂಡಿದಳು. ಅದು ಸುಳ್ಳಾಗಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಸೊನ್ನೆ ಎನ್ನುವಾಗ ದೋಷ ಕಾಣಲಿಲ್ಲ ಎಂದಷ್ಟೇ ಹೇಳಿದ ಹಾಗೆ. ನಾಲ್ಕು ಎನ್ನುವಾಗ ಎದ್ದು ನಿಂತು ಕೈ ಬೀಸಿದ ಹಾಗೆ. ಊರಿನಲ್ಲಿ ಯಾರೂ ಎದ್ದು ನಿಂತು ಕೈ ಬೀಸುವುದಿಲ್ಲ, ಸರೋವರದಲ್ಲಿ ಮುಳುಗುತ್ತಿದ್ದರೂ ಎರಡು ಸಲ ಯೋಚಿಸುತ್ತಾರೆ.

"ನಾನೇ ಹೇಳ್ತೀನಿ," ಎಂದಳು.

ನೀರು ಸರಬರಾಜಿನ ಕಚೇರಿ ಜಲಪಾತದ ಪಕ್ಕದ ಕೆಂಪು ಇಟ್ಟಿಗೆಯ ಕಟ್ಟಡ. ಮುಖ್ಯಸ್ಥ ಇಲ್ಮಾರಿ ಕರ್ಪಿನೆನ್‌ಗೆ ಅರವತ್ತು ದಾಟಿತ್ತು. ಜೂನಿನಲ್ಲೂ ಉಣ್ಣೆಯ ತೋಳಿಲ್ಲದ ಸ್ವೆಟರು. ಮೇಜಿನ ಮೇಲೆ ಎರಡು ಕಪ್ಪು, ತಟ್ಟೆಯಲ್ಲಿ ಬನ್ನು. ಅವನು ಕಾಫಿ ಸುರಿಯಲು ಹೊರಟಾಗ ಮೆರ್ವಿ ಕಪ್ಪಿನ ಮೇಲೆ ಅಂಗೈ ಇಟ್ಟಳು.

"ಈಗ ಬೇಡ."

ಇಲ್ಮಾರಿ ಫ್ಲಾಸ್ಕು ಹಿಡಿದುಕೊಂಡೇ ನಿಂತ. ಆ ಕೋಣೆಯಲ್ಲಿ ಕಾಫಿ ಬೇಡ ಎಂದವರು ಅವಳೇ ಮೊದಲು. "ಹುಷಾರಿಲ್ವಾ?"

"ರುಚಿ ನೋಡೋದಿದ್ರೆ ಅಂತ."

"ಹ್ಞೂಂ," ಎಂದು ಅವನು ತನ್ನ ಕಪ್ಪಿಗೆ ಮಾತ್ರ ಸುರಿದುಕೊಂಡು ಕೂತ. ಮುಂದೆ ಏಳು ಫಾರಮ್ಮುಗಳ ಕಟ್ಟು. "ಏಳು ಜನ ಹಾಕಿದ್ದಾರೆ. ಆರು ಜನ ಉದ್ದಕ್ಕೂ ನಾಲ್ಕು. ನಾಲ್ಕು, ನಾಲ್ಕು, ನಾಲ್ಕು. ಹೀಗೆ ಬರೀರಿ ಅಂತ ಹೇಳ್ಕೊಡ್ತಾರಂತೆ ಈಗ. ಇದರಲ್ಲೊಬ್ಬ ಸಮಯಪಾಲನೆಗೆ ನಾಲ್ಕು ಹಾಕಿದ್ದಾನೆ, ಅವನು ನನ್ನ ಕ್ಲಾಸ್‌ಮೇಟು. ತನ್ನ ಮದುವೆಗೇ ಮುಕ್ಕಾಲು ಗಂಟೆ ತಡ." ಕೊನೆಯ ಹಾಳೆಯನ್ನು ಎತ್ತಿ ಹಿಡಿದ. "ಆಮೇಲೆ ಇದು. ನನ್ನ ಸರ್ವಿಸಲ್ಲಿ ಇಂಥಾ ನಿಯತ್ತಿನ ಅರ್ಜಿ ನೋಡಿಲ್ಲ. ಯಾರಿದು ಅಂತ ನೋಡೋಕೇ ಕರೆಸಿದ್ದು."

"ನಂಬಿಕಸ್ಥತನ, ಸೊನ್ನೆ," ಎಂದು ಓದಿದ ಇಲ್ಮಾರಿ. "ಹೇಳಿ. ಏನು ಕದ್ದಿದ್ದೀರಿ?"

"ಏನೂ ಇಲ್ಲ."

"ಏನೂ ಕದಿಯದೆ ಸೊನ್ನೆಗೆ ಇಳಿಯೋಕಾಗಲ್ಲ. ನಾನಾದ್ರೂ ಒಂದು ಸ್ಪ್ಯಾನರು ಮನೆಗೆ ತಗೊಂಡು ಹೋಗಿದ್ದೀನಿ, ಎರಡೂವರೆ ಹಾಕ್ಕೋತೀನಿ. ಕೊನೇದು ನೋಡಿ, ಬಡಾಯಿಗೆ ನಾಲ್ಕು. ನೀವು ಬಂದು ಹತ್ತು ನಿಮಿಷ ಆಯ್ತು, ಇನ್ನೂ ಶುರು ಮಾಡಿಲ್ಲ."

ಅವನು ಖುಷಿಯಲ್ಲಿದ್ದ. ಸುಮ್ಮನಿದ್ದುಬಿಟ್ಟರೆ ಈ ಖುಷಿಯ ಮೇಲೇ ಕೆಲಸ ಸಿಕ್ಕರೂ ಸಿಗಬಹುದು ಎಂದು ಮೆರ್ವಿಗೆ ಹೊಳೆಯಿತು. ಶುಕ್ರವಾರ ಬಂದು ಭಾನುವಾರ ಹೋಗುವ ನೆಂಟಳೂ ಕಣ್ಣ ಮುಂದೆ ಬಂದಳು. ಆದರೆ ತಪ್ಪು ಅಂಕಿಯ ಮೇಲೆ ಸುರುಳಿ ಹೊರಗೆ ಹೋಗಲು ಅವಳು ಯಾವತ್ತೂ ಬಿಟ್ಟವಳಲ್ಲ.

"ಅದನ್ನ ತಿರುವಿ ಓದಬೇಕು," ಎಂದಳು.

ಇಲ್ಮಾರಿ ಹಾಳೆಯನ್ನು ತಲೆಕೆಳಗು ಹಿಡಿದ.

"ಹಾಗಲ್ಲ. ಅಳತೆ. ನಮ್ಮ ಕಾರ್ಖಾನೆಲಿ ಸೊನ್ನೆ ಅಂದ್ರೆ ಏನೂ ದೋಷ ಇಲ್ಲ ಅಂತ. ನಾಲ್ಕು ಅಂದ್ರೆ ಉಗೀಬೇಕು."

ಇಲ್ಮಾರಿ ಹಾಳೆ ಇಳಿಸಿದ. ಅಂಕಿಗಳ ಮೇಲೆ ಬೆರಳಾಡಿಸಿ ಲೆಕ್ಕ ಹಾಕಿದ. "ಅಂದ್ರೆ ನೀವು ಎಲ್ಲದರಲ್ಲೂ..."

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ," ಎಂದಳು ಮೆರ್ವಿ ಕಿಟಕಿಯ ಹೂಕುಂಡಕ್ಕೆ.

"ಅಂದ್ರೆ ನಾಲ್ಕು, ನಾಲ್ಕು, ನಾಲ್ಕು."

ಹೂಕುಂಡ ಏನೂ ಹೇಳಲಿಲ್ಲ.

"ಏಳನೆಯವರು," ಎಂದ ಇಲ್ಮಾರಿ. ಮುಖದಿಂದ ನಗು ಹೋಗಿತ್ತು. ಅವಳ ಫಾರಮ್ಮನ್ನು ಉಳಿದ ಆರರ ಮೇಲೆ ಇಟ್ಟು ಅಂಚು ಸರಿಮಾಡಿದ. ಹಾಳೆಗಳು ಸೇರಿಕೊಂಡವು, ಯಾವುದು ಯಾವುದೆಂದು ಗೊತ್ತಾಗದ ಹಾಗೆ. "ಸರಿ. ಎಲ್ಲರಿಗೂ ಮಾಡಿಸಿದ್ದೀನಿ, ನಿಮಗೂ ಮಾಡಿಸ್ತೀನಿ."

ಅವನು ಕಪಾಟಿನಿಂದ ಮೂರು ಲೋಟ ತೆಗೆದು, ಮೂರು ಹೂಜಿಗಳಿಂದ ನೀರು ತುಂಬಿಸಿ ಮುಂದಿಟ್ಟ. ಉತ್ತರದ ಬಾವಿ, ದಕ್ಷಿಣದ ಬಾವಿ, ಊರಿನ ನಲ್ಲಿ. ಮೆರ್ವಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಒಂದು ಗುಟುಕು. ಗೋಡೆ. ಎರಡನೆಯ ಲೋಟ, ಒಂದು ಗುಟುಕು. ಗೋಡೆ. ಮೂರನೆಯದು. ಮತ್ತೆ ಮೊದಲನೆಯದು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು, ಇಲ್ಮಾರಿಯ ಕಾಫಿ ಆರುತ್ತಿತ್ತು. ಎಷ್ಟೋ ದಿನಗಳ ಮೇಲೆ ಅವಳಿಗೆ ಮೈ ಹಗುರವಾದ ಹಾಗೆ ಅನಿಸಿತು.

"ಒಂದೂವರೆ," ಎಂದಳು.

"ಯಾವುದು?"

"ಮೂರೂ."

ಇಲ್ಮಾರಿ ಎದ್ದು ನಿಂತ. "ನೋಡಿ, ಮರಳುಗುಡ್ಡದ ಅಡಿಯಿಂದ ಬರೋ ನೀರದು. ಹಿಮಯುಗದಿಂದ ಸೋಸ್ಕೊಂಡು ಬಂದಿದೆ. ಆರು ಜನ ಚೆನ್ನಾಗಿದೆ ಅಂದ್ರು."

"ನೀರು ಕೆಟ್ಟಿದೆ ಅಂತ ನಾನೆಲ್ಲಿ ಹೇಳ್ದೆ? ಎರಡು ಬಾವಿ, ಒಂದು ನಲ್ಲಿ. ಮೂರಕ್ಕೂ ಬೇರೆ ಬೇರೆ ರುಚಿ ಇರ್ಬೇಕು, ಇದೆ. ಆದ್ರೆ ದೋಷ ಮೂರರಲ್ಲೂ ಒಂದೇ, ಒಂದೇ ಅಳತೆ. ಹಾಗಿದ್ರೆ ಅದು ನೀರಿಂದಲ್ಲ. ಮೂರಕ್ಕೂ ಒಂದೇ ಆಗಿರೋದು ಇಲ್ಲಿ ಏನಿದೆ?"

ಇಲ್ಮಾರಿ ಲೋಟಗಳನ್ನು ನೋಡಿದ. ಆಮೇಲೆ ಕಪಾಟನ್ನು ನೋಡಿದ. ಮೆರ್ವಿ ಆಗಲೇ ಅದರ ಬಾಗಿಲು ತೆರೆದಿದ್ದಳು. ಲೋಟಗಳೆಲ್ಲ ಬೋರಲು ಮಲಗಿದ್ದವು, ಅವುಗಳ ಕೆಳಗೆ ನೀಟಾಗಿ ಕತ್ತರಿಸಿ ಹಾಸಿದ ಬಿಳಿ ರಟ್ಟು. ಅವಳು ಒಂದು ಮೂಲೆ ಎತ್ತಿ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಹಳೆಯ ಪರಿಚಯದವರು ಬಸ್ಸಿನಲ್ಲಿ ಸಿಕ್ಕ ಹಾಗೆ ಮುಖವಾಯಿತು.

"ಮೂರನೇ ಮೆಷಿನ್ನು. ನಾಲ್ಕು ವರ್ಷದ ಹಿಂದೆ, ಚಳಿಗಾಲ. ಲೇಪನ ಸರಿಯಾಗಿ ಒಣಗಿರಲಿಲ್ಲ. ಇದಕ್ಕೆ ನಾನು ಎರಡೂವರೆ ಕೊಟ್ಟಿದ್ದೆ."

"ಕಾರ್ಖಾನೆ ಗೇಟಲ್ಲಿ ಇಟ್ಟಿದ್ರು," ಎಂದ ಇಲ್ಮಾರಿ ಸಣ್ಣ ಧ್ವನಿಯಲ್ಲಿ. "ಬೇಕಾದವರು ತಗೊಂಡು ಹೋಗಿ ಅಂತ. ನಾನೇ ತಂದೆ."

"ಬೇಡ ಅಂದಿದ್ದನ್ನೆಲ್ಲ ಅಲ್ಲೇ ಇಡ್ತಿದ್ರು. ಅರ್ಧ ಊರಿನ ಕಪಾಟಲ್ಲಿ ನಾನು ಬೇಡ ಅಂದಿದ್ದೇ ಇರೋದು."

ಅವಳು ಒಂದು ಲೋಟವನ್ನು ಬಿಸಿನೀರಲ್ಲಿ ತೊಳೆದು, ನಲ್ಲಿಯ ಕೆಳಗೆ ಹಿಡಿದು, ತುಂಬಿಸಿ ಚೆಲ್ಲಿದಳು. ಮತ್ತೆ ತುಂಬಿಸಿ ಚೆಲ್ಲಿದಳು. ನಾಲ್ಕನೆಯ ಸಲ ತುಂಬಿಸಿ, ಗೋಡೆಯ ಕಡೆ ತಿರುಗಿ ಕುಡಿದಳು. ಈ ಸಲ ಬಹಳ ಹೊತ್ತು ತೆಗೆದುಕೊಂಡಳು. ಇಲ್ಮಾರಿ ತಾನು ಉಸಿರು ಹಿಡಿದು ನಿಂತಿರುವುದನ್ನು ಗಮನಿಸಿ, ಅದಕ್ಕಾಗಿ ತನ್ನ ಮೇಲೇ ಸಿಟ್ಟಾದ.

"ಸೊನ್ನೆ," ಎಂದಳು ಮೆರ್ವಿ.

"ಸೊನ್ನೆ?"

"ಸೊನ್ನೆ. ಇದಕ್ಕಿಂತ ಹೆಚ್ಚು ಹೇಳೋಕೆ ನನಗೆ ಬರಲ್ಲ."

ಇಲ್ಮಾರಿ ಕಿಟಕಿಯ ಹತ್ತಿರ ಹೋಗಿ, ನೀರಿನ ಗೋಪುರವನ್ನು ನೋಡುತ್ತ ನಿಂತ. ಮೂವತ್ತೊಂದು ವರ್ಷ ಅವನು ಈ ಊರಿಗೆ ನೀರು ಕೊಟ್ಟಿದ್ದ. ನೀರಿಗೆ ಕಂದು ಬಣ್ಣ ಬಂದಾಗ ಜನ ಫೋನು ಮಾಡಿದ್ದರು, ನೀರೇ ಬಾರದೆ ಇದ್ದಾಗ ಫೋನು ಮಾಡಿದ್ದರು. ಫೋನು ಬಾರದ ದಿನವೇ ಅವನಿಗೆ ಸಿಗುತ್ತಿದ್ದ ಬಹುಮಾನ. ಸೊನ್ನೆ ಎಂದರೆ ಏನೆಂದು, ಹಾಗೆ ನೋಡಿದರೆ, ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಹಿಂದಿರುಗಿ ಬಂದು ಕಟ್ಟಿನಿಂದ ಅವಳ ಹಾಳೆಯನ್ನು ಹೊರಗೆಳೆದು ಬೇರೆಯಾಗಿ ಇಟ್ಟ.

"ಬಡಾಯಿಗೆ ಹಾಕಿರೋ ನಾಲ್ಕು ಸರಿಯಾಗಿದೆ," ಎಂದ. "ನಿಮ್ಮ ಲೆಕ್ಕದ ಪ್ರಕಾರ." ಆಮೇಲೆ, "ಈಗ ಕಾಫಿ ಕುಡೀಬಹುದಾ?"

"ಈಗ ಕುಡೀಬಹುದು."

ಅವನು ಸುರಿದ. ಅವಳು ಒಂದು ಗುಟುಕು ಕುಡಿದಳು. ಅವನು ಅವಳ ಮುಖ ನೋಡಿದ.

"ಕೇಳ್ಬೇಡಿ," ಎಂದಳು ಮೆರ್ವಿ.

ಗುರುವಾರ ಮಧ್ಯಾಹ್ನ ಬಟಾಣಿ ಸೂಪಿನ ಹೊತ್ತಿಗೆ ಫೋನು ಬಂತು. ಮೊದಲು ಆರು ತಿಂಗಳು, ಆಮೇಲೆ ನೋಡೋಣ, ಆಗಸ್ಟ್ ಒಂದರಿಂದ. ಮೆರ್ವಿ "ಆಗಬಹುದು" ಎಂದು ಫೋನಿಟ್ಟು, ಚಮಚ ಎತ್ತಿಕೊಂಡಳು. ಯೋರ್ಮಾ ಕಾದ. ಅವಳು ಮೂರು ಚಮಚ ಸೂಪು ಕುಡಿದಳು.

"ಟಾಂಪೆರೆಯವರಿಗೆ ಒಂದು ಕಾಗದ ಬರೀಬೇಕು," ಎಂದಳು. "ಮರ್ಯಾದೆಯಿಂದ."

ಯೋರ್ಮಾ ತಲೆಯಾಡಿಸಿದ. ಕರವಸ್ತ್ರ ತೆಗೆದು ಮೂಗೊರೆಸಿಕೊಂಡು, ಸೂಪಿಗೆ ಸಾಸಿವೆ ಜಾಸ್ತಿಯಾಯಿತು ಎಂದ. "ಎಷ್ಟು?"

"ಸೂಪು? ಒಂದು." ಮತ್ತೊಂದು ಚಮಚ ಬಾಯಿಗಿಟ್ಟು, "ಅರ್ಧ," ಎಂದು ತಿದ್ದಿದಳು.

ಸೋಮವಾರ ಅವಳು ಉದ್ಯೋಗ ಕಚೇರಿಗೆ ಹೋದಳು. ಕೈಯಲ್ಲಿ ಮನೆಯಲ್ಲಿ ಪುಡಿಮಾಡಿದ ಕಾಫಿಯ ಡಬ್ಬಿ, ಮುಂದಿನ ಕೋರ್ಸಿಗೆ ಇರಲಿ ಎಂದು. ಓನಾ ಡ್ರಾಯರಿನಿಂದ ಹೊಸ ಹಾಳೆ ತೆಗೆದು ಮುಂದಿಟ್ಟಳು. ತರಬೇತಿ ಹೇಗಿತ್ತು, ಸೊನ್ನೆಯಿಂದ ನಾಲ್ಕು. ಮೆರ್ವಿ ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ಎರಡು ಸಲ ಓದಿ, ಪೆನ್ನು ಹಿಡಿದಳು. ಕೈ ಹಾಳೆಯ ಮೇಲೆ ನಿಂತುಬಿಟ್ಟಿತು. ಡೀಸೆಲಿನ ವಾಸನೆ, ಇಲಿಯ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಂದವು.

"ಬರೀರಿ," ಎಂದಳು ಓನಾ. "ಏನೂ ಆಗಲ್ಲ."

"ನೀನು ಆ ಕಡೆ ನೋಡು."

ಓನಾ ಗೋಡೆಯ ಕಡೆ ತಿರುಗಿದಳು. ಮೆರ್ವಿ ಹಲ್ಲು ಕಚ್ಚಿ ನಾಲ್ಕು ಎಂದು ಬರೆದಳು. ಅದನ್ನು ನೋಡಿದಳು. ಹಾಗೇ ಬಿಟ್ಟು ಹೋಗಲು ಮನಸ್ಸು ಒಪ್ಪಲಿಲ್ಲ. ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ, ಮುಂದೆ ಓದುವವರು ಯಾರೂ ಹುಡುಗಿಯನ್ನು ತಪ್ಪು ತಿಳಿಯಬಾರದೆಂದು, ದುಂಡಗಿನ ಅಕ್ಷರದಲ್ಲಿ ಸೇರಿಸಿದಳು: 'ಇದು ಒಳ್ಳೆಯ ನಾಲ್ಕು.'